ರಜೆಯ ಕೂಲಿ: ಒಂದು ಹಕ್ಕು ಬೆಳೆದುಬಂದ ಬಗೆ

ಕನ್ನಡನಾಡಿನ ಉತ್ತರ ಭಾಗದವರು ‘ಸೂಟಿ’ ಎನ್ನುವರು. ಮೈಸೂರು ಸೀಮೆಯವರು ‘ರಜ’ ಎನ್ನುವರು. ಎರಡೂ ಒಂದೇ ಅರ್ಥದ ಮಾತುಗಳೆಂದು ನಾವು ಬಳಸುತ್ತಿದ್ದರೂ ಅವುಗಳ ಹುಟ್ಟು ಬೇರೆ ಬೇರೆ. ‘ರಜ’ ಎಂಬುದು ಅರಬ್ಬಿಯಿಂದ ಬಂದ ಶಬ್ದ. ಅದರ ಮೂಲಾರ್ಥ ಅಪ್ಪಣೆ, ಸಮ್ಮತಿ. ‘ಸೂಟಿ’ ಎಂಬುದು ಬಿಡುಗಡೆ. ಒಂದರಲ್ಲಿ ಯಜಮಾನನ ಕೃಪೆಯಿದೆ. ಇನ್ನೊಂದರಲ್ಲಿ ದುಡಿದವನ ಬಿಡುವಿದೆ. ದುಡಿಮೆಗೆ ಸಿಗುವ ಹಣಕ್ಕೂ ನಮ್ಮಲ್ಲಿ ಎರಡು ಹೆಸರುಗಳಿವೆ. ‘ಪಗಾರ’ ಪೋರ್ತುಗೀಜರಿಂದ ಮರಾಠಿಯ ಮೂಲಕ ಬಂದುದು. ‘ಸಂಬಳ’ವೋ ಸಂಸ್ಕೃತದ ‘ಶಂಬಲ’; ಅಂದರೆ ದಾರಿಯ ಬುತ್ತಿ. ಊರು ಬಿಟ್ಟು ಬಂದು ದುಡಿಯುವ ನಮ್ಮಂಥವರಿಗೆ ಈ ಕೊನೆಯ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಪ್ಪಣೆಯಾಗಿದ್ದ ರಜೆಯು ಹಕ್ಕಾದದ್ದು ಹೇಗೆ, ಆ ರಜೆಗೆ ಸಂಬಳವೂ ಸೇರಿದ್ದು ಯಾವಾಗ, ಸಂಬಳವನ್ನು ಕೊಡದಿದ್ದರೆ ಕೇಳುವ ದಾರಿ ಯಾವುದು — ಈ ಮೂರು ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ದೊರೆಯುವ ಉತ್ತರವನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ. ಸನತ್‌ನಗರದಂಥ ಕಾರ್ಖಾನೆಗಳ ಬಡಾವಣೆಯಲ್ಲಿ ಬಾಳುವವರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ.

ಸನತ್‌ನಗರವು ಹೈದರಾಬಾದಿನ ಹಳೆಯ ಕೈಗಾರಿಕಾ ಪ್ರದೇಶಗಳಲ್ಲೊಂದು. ನಿಜಾಮ ಸರಕಾರದ ಕೈಗಾರಿಕಾ ನಿಧಿಯ ನೆರವಿನಿಂದ ೧೯೪೨ರಲ್ಲಿ ಸ್ಥಾಪಿತವಾದ ಆಲ್ವಿನ್ ಕಾರ್ಖಾನೆಯು ಈ ಭಾಗದಲ್ಲಿಯೇ ಬೆಳೆಯಿತು. ಎರಡು ಅಂತಸ್ತಿನ ಬಸ್ಸಿನ ಮೈಕಟ್ಟು, ತಂಗಳು ಪೆಟ್ಟಿಗೆ, ಕೈಗಡಿಯಾರ ಇವೆಲ್ಲ ಅಲ್ಲಿ ತಯಾರಾದವು. ಆಸ್ಬೆಸ್ಟಾಸ್ ಸಿಮೆಂಟಿನ ತಗಡು ಮಾಡುವ ಕಾರ್ಖಾನೆಯೂ ಇಲ್ಲಿಯೇ ನೆಲೆಸಿತು. ಕಾರ್ಮಿಕರ ವಸತಿಗಳು, ಇ.ಎಸ್.ಐ. ಆಸ್ಪತ್ರೆ, ಸಣ್ಣ ಪುಟ್ಟ ಯಂತ್ರಶಾಲೆಗಳು ಒಂದೊಂದಾಗಿ ಸೇರಿದವು. ಆಲ್ವಿನ್ ತನ್ನ ಹಳೆಯ ರೂಪದಲ್ಲಿ ೧೯೯೦ರ ದಶಕವನ್ನು ದಾಟಿ ಉಳಿಯಲಿಲ್ಲ. ಆದರೂ ಸನತ್‌ನಗರವೆಂದರೆ ಭೋಂಗದ ಊರೆಂಬ ನೆನಪು ಇನ್ನೂ ಮಾಸಿಲ್ಲ.

ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಜನರು ಹೈದರಾಬಾದಿಗೆ ಬಂದುದು ಪರರಾಜ್ಯಕ್ಕೆ ಬಂದಂತೆ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ೧೯೫೬ರ ಅಕ್ಟೋಬರ್ ಕೊನೆಯವರೆಗೆ ಇದೇ ಅವರ ರಾಜಧಾನಿಯಾಗಿದ್ದಿತು. ಕಲಬುರ್ಗಿಯ ಮಹಬೂಬ್ ಶಾಹಿ ಗಿರಣಿಯಲ್ಲಿ, ಶಹಾಬಾದಿನ ಸಿಮೆಂಟು ಕಾರ್ಖಾನೆಯಲ್ಲಿ ಭೋಂಗದ ಸದ್ದಿಗೆ ಕಿವಿ ಪಳಗಿದವರಿಗೆ ರಾಜಧಾನಿಯ ಕಾರ್ಖಾನೆಗಳು ಹೊಸವಾಗಿ ತೋರಿರಲಾರವು. ೧೯೫೬ರ ನವೆಂಬರ ೧ರಂದು ಅವರು ಮನೆ ಬದಲಿಸದೆಯೇ ಹೊರನಾಡ ಕನ್ನಡಿಗರಾದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವುಗಳ ಮೂಲಕ ಭಾಷೆ ಉಳಿಯಿತು. ಆದರೆ ಊರಿನ ಸಂಬಂಧ ಉಳಿದದ್ದು ಶಾಲೆ ಮಂದಿರಗಳಿಂದ ಮಾತ್ರವಲ್ಲ. ವರ್ಷಕ್ಕೆ ಹತ್ತು ಹನ್ನೆರಡು ದಿನಗಳ ಸೂಟಿಯಿಂದ. ಶರಣಬಸವೇಶ್ವರರ ಜಾತ್ರೆ, ಮಗಳ ಬಾಣಂತನ, ಹೊಲದ ಪಾಲುಪಟ್ಟಿ, ತಾಯಿಯ ತಿಥಿ ಇವೆಲ್ಲವೂ ಆ ದಿನಗಳೊಳಗೆ ಅಡಗಬೇಕು. ಆ ದಿನಗಳಿಗೆ ಸಂಬಳವಿಲ್ಲವೆಂದಾದರೆ ಹೋಗುವವನು ಎರಡು ಸಲ ತೆರಬೇಕಾಗುತ್ತದೆ: ಒಂದು ರೈಲಿನ ದರ, ಇನ್ನೊಂದು ಹೋದ ದಿನಗಳ ಕೂಲಿ. ಬಹು ಜನರು ಹೋಗುವುದನ್ನೇ ಬಿಡುತ್ತಾರೆ. ಊರು ಹೀಗೆಯೇ ದೂರವಾಗುವುದು.

ಇನ್ನು ಚರಿತ್ರೆಗೆ ಬರೋಣ. ಹಿಂದೂಸ್ಥಾನದ ಗಿರಣಿಗಳಲ್ಲಿ ಮೊದಲಿಗೆ ವಾರದ ಬಿಡುವೆಂಬುದೇ ಇರಲಿಲ್ಲ. ೧೮೮೧ರ ಕಾರ್ಖಾನೆ ಕಾಯಿದೆಯು ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ದಿನ ಬಿಡುವು ಕೊಟ್ಟಿತು. ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಅನುಯಾಯಿಗಳಾದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಲ್ಲಿ ಗಿರಣಿಯಾಳುಗಳನ್ನು ಕೂಡಿಸಿ ಸಭೆ ನಡೆಸಿದರು. ಐದು ಸಾವಿರದ ಐನೂರು ಜನರ ರುಜುವಿನ ಮನವಿಯೊಂದು ಸಿದ್ಧವಾಯಿತು. ವಾರಕ್ಕೊಂದು ದಿನ ಪೂರ್ಣ ಬಿಡುವು, ನಡುಹಗಲು ಅರ್ಧ ತಾಸು ವಿಶ್ರಾಂತಿ, ಹಿಂದಿನ ತಿಂಗಳ ಪಗಾರವು ಮುಂದಿನ ತಿಂಗಳ ೧೫ನೆಯ ತಾರೀಖಿನೊಳಗೆ ಕೈಸೇರುವುದು — ಅವರು ಕೇಳಿದ್ದು ಇಷ್ಟು ಸಣ್ಣ ಮಾತುಗಳನ್ನು. ಆದರೂ ಆರು ವರುಷ ಕಾಯಬೇಕಾಯಿತು. ೧೮೯೦ರ ಏಪ್ರಿಲಿನಲ್ಲಿ ಹತ್ತು ಸಾವಿರ ಜನರ ಸಭೆ ಸೇರಿತು. ಅಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಅದೇ ವರುಷ ಜೂನ್ ೧೦ರಂದು ಗಿರಣಿ ಮಾಲಿಕರ ಸಂಘವು ಭಾನುವಾರದ ಬಿಡುವಿಗೆ ಒಪ್ಪಿತು. ೧೮೯೧ರ ಕಾಯಿದೆ ಅದನ್ನು ಶಾಸನವಾಗಿ ಮಾಡಿತು. ಇತ್ತ ನಿಜಾಮನ ಕಚೇರಿಗಳಲ್ಲಿ ವಾರದ ಬಿಡುವು ಶುಕ್ರವಾರ ನಡೆಯುತ್ತಿದ್ದಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಲೋಖಂಡೆಯವರು ಗಳಿಸಿಕೊಟ್ಟದ್ದು ಬಿಡುವು, ಬಿಡುವಿನ ಕೂಲಿಯಲ್ಲ. ದಿನಗೂಲಿಯವನಿಗೆ ಭಾನುವಾರವೆಂದರೆ ದುಡಿಮೆಯೂ ಇಲ್ಲದ, ಹಣವೂ ಇಲ್ಲದ ದಿನ. ಮೈ ದಣಿವಾರಿಸಿಕೊಂಡರೂ ಒಲೆಯ ಚಿಂತೆ ತಪ್ಪಲಿಲ್ಲ. ವಿಶ್ರಾಂತಿಯೂ ಸಂಬಳವೂ ಒಂದೆಡೆ ಸೇರುವುದಕ್ಕೆ ಇನ್ನೂ ಅರ್ಧ ಶತಮಾನ ಹಿಡಿಯಿತು.

೧೯೩೬ನೆಯ ಇಸವಿ ಈ ಕಥೆಯಲ್ಲಿ ಮುಖ್ಯವಾದುದು. ಆ ವರುಷ ಜೂನಿನಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಪಡೆದರು. ಸಮುದ್ರವನ್ನೇ ಕಾಣದಿದ್ದ ಕುಟುಂಬಗಳು ಆ ಬೇಸಗೆಯಲ್ಲಿ ಕಡಲದಂಡೆಗೆ ಹೋದವು. ಅದೇ ತಿಂಗಳು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಒಂದು ವರ್ಷ ದುಡಿದವನಿಗೆ ಕನಿಷ್ಠ ಆರು ದಿನಗಳ ವೇತನಸಹಿತ ರಜೆ ಸಿಗಬೇಕೆಂಬ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ ವೇತನ ಪಾವತಿ ಕಾಯಿದೆ ಹುಟ್ಟಿದ್ದೂ ೧೯೩೬ರಲ್ಲಿಯೇ. ಪಗಾರ ಯಾವ ತಾರೀಖಿನೊಳಗೆ ಕೊಡಬೇಕು, ಯಾವ ಕಾರಣಕ್ಕೆ ಕಡಿತ ಮಾಡಬಹುದು, ಕೊಡದಿದ್ದರೆ ಯಾರ ಮುಂದೆ ಅರ್ಜಿ ಹಾಕಬೇಕು ಎಂಬುದನ್ನು ಅದು ಮೊದಲ ಬಾರಿಗೆ ಗೊತ್ತುಮಾಡಿತು. ಲೋಖಂಡೆಯವರು ಕೇಳಿದ್ದು ೧೫ನೆಯ ತಾರೀಖು. ಕಾಯಿದೆ ವಿಧಿಸಿದ್ದು ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ೭ನೆಯದು, ಹೆಚ್ಚಿರುವಲ್ಲಿ ೧೦ನೆಯದು.

ಕಾರ್ಖಾನೆಯ ಕೆಲಸಗಾರರಿಗೆ ವೇತನಸಹಿತ ರಜೆಯನ್ನು ಶಾಸನದ ಮೂಲಕ ಕೊಟ್ಟ ಕೀರ್ತಿ ಡಾ. ಅಂಬೇಡ್ಕರರ ಕಾಲಕ್ಕೆ ಸಲ್ಲುತ್ತದೆ. ಅವರು ೧೯೪೨ರಿಂದ ೧೯೪೬ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ೧೯೪೫ರ ತಿದ್ದುಪಡಿಯಂತೆ, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ಹನ್ನೆರಡು ತಿಂಗಳು ದುಡಿದ ವಯಸ್ಕನಿಗೆ ಹತ್ತು ದಿನ, ಬಾಲಕಾರ್ಮಿಕನಿಗೆ ಹದಿನಾಲ್ಕು ದಿನ ಸಂಬಳದ ರಜೆ ದೊರೆಯಿತು. ಸ್ವಾತಂತ್ರ್ಯಾನಂತರ ಬಂದ ೧೯೪೮ರ ಕಾರ್ಖಾನೆಗಳ ಅಧಿನಿಯಮವು ಇದನ್ನು ವಿಸ್ತರಿಸಿತು. ಅದೇ ವರುಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯು ವಿಶ್ರಾಂತಿಯನ್ನೂ ಸಂಬಳಸಹಿತ ರಜೆಯನ್ನೂ ಮನುಷ್ಯಮಾತ್ರದ ಹಕ್ಕೆಂದು ಸಾರಿತು. ೧೯೫೧ರಲ್ಲಿ ಕೇಂದ್ರದ ಅನೇಕ ಶಾಸನಗಳು ಹೈದರಾಬಾದು, ಮೈಸೂರು ಮೊದಲಾದ ಹಿಂದಿನ ಸಂಸ್ಥಾನಗಳಿಗೂ ವಿಸ್ತರಿಸಲ್ಪಟ್ಟವು.

೧೯೪೮ರ ಶಾಸನದ ಲೆಕ್ಕವನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ೧೯೫೪ರ ತಿದ್ದುಪಡಿಯ ತರುವಾಯ ಅದರ ಕ್ರಮ ಹೀಗಿದ್ದಿತು: ಒಂದು ವರ್ಷದಲ್ಲಿ ೨೪೦ ದಿನ ಕೆಲಸ ಮಾಡಿದವನಿಗೆ ಮುಂದಿನ ವರ್ಷದಲ್ಲಿ, ದುಡಿದ ಪ್ರತಿ ೨೦ ದಿನಗಳಿಗೆ ಒಂದು ದಿನದಂತೆ ರಜೆ. ಮಾಲಿಕನೇ ಕೆಲಸವಿಲ್ಲವೆಂದು ಕೂರಿಸಿದ ದಿನಗಳೂ, ಹೆಂಗಸರ ಹನ್ನೆರಡು ವಾರಗಳ ಹೆರಿಗೆ ರಜೆಯೂ ೨೪೦ರ ಲೆಕ್ಕಕ್ಕೆ ಸೇರುತ್ತಿದ್ದವು. ರಜೆಯ ದಿನದ ದರವೆಂದರೆ ಹಿಂದಿನ ತಿಂಗಳ ದುಡಿದ ದಿನಗಳ ಸರಾಸರಿ. ತುಟ್ಟಿಭತ್ಯೆ ಅದರಲ್ಲಿ ಸೇರಬೇಕು, ಹೆಚ್ಚುವರಿ ತಾಸುಗಳ ಕೂಲಿಯೂ ಬೋನಸ್ಸೂ ಸೇರಬಾರದು. ಉದಾಹರಣೆಗೆ ಒಬ್ಬನು ವರ್ಷದಲ್ಲಿ ೨೮೦ ದಿನ ದುಡಿದನೆನ್ನೋಣ. ಅವನಿಗೆ ೧೪ ದಿನ ರಜೆ. ಹಿಂದಿನ ತಿಂಗಳು ೨೫ ದಿನಕ್ಕೆ ೧೫,೦೦೦ ರೂಪಾಯಿ ಗಳಿಸಿದ್ದರೆ ದಿನದ ಸರಾಸರಿ ೬೦೦. ಹದಿನಾಲ್ಕು ದಿನಗಳಿಗೆ ೮,೪೦೦ ರೂಪಾಯಿ. ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆಗೆ ಹೊರಡುವವನಿಗೆ ಈ ಹಣವನ್ನು ಮುಂಗಡವಾಗಿಯೇ ಕೊಡಬೇಕೆಂದು ಶಾಸನ ಹೇಳಿದ್ದಿತು. ದಾರಿಯ ಬುತ್ತಿ ದಾರಿಗೆ ಮುಂಚೆಯೇ ಕೈಯಲ್ಲಿರಬೇಕಲ್ಲವೆ!

ಕೆಲಸ ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ಗತಿಯೇನು? ಉಳಿದ ರಜೆಯ ಸಂಬಳವನ್ನು ಎರಡನೆಯ ಕೆಲಸದ ದಿನ ಕಳೆಯುವುದರೊಳಗೆ ಕೊಡಬೇಕು; ತೀರಿಕೊಂಡವನದಾದರೆ ಎರಡು ತಿಂಗಳೊಳಗೆ ವಾರಸುದಾರರಿಗೆ ಕೊಡಬೇಕು ಎಂದು ಅದೇ ಶಾಸನ ವಿಧಿಸಿದ್ದಿತು. ಕೊಡದಿದ್ದರೆ? ಆ ಶಾಸನದ ೮೨ನೆಯ ಪ್ರಕರಣ ಒಂದೇ ವಾಕ್ಯದ್ದು. ಆದರೆ ನಮ್ಮ ವಿಷಯದ ಕೀಲಿಯೆಲ್ಲ ಅದರಲ್ಲಿದೆ. ಕೊಡದೆ ಉಳಿದ ರಜೆಯ ಸಂಬಳವನ್ನು ೧೯೩೬ರ ಕಾಯಿದೆಯಂತೆ ‘ತಡವಾದ ವೇತನ’ವೆಂದು ವಸೂಲು ಮಾಡಬಹುದು ಎಂಬುದು ಅದರ ತಾತ್ಪರ್ಯ. ರಜೆಯ ಹಣವು ಮಾಲಿಕನ ಔದಾರ್ಯವಲ್ಲ, ಸಂಬಳವೇ ಸರಿ ಎಂದು ಶಾಸನವೇ ಒಪ್ಪಿದಂತಾಯಿತು. ಅರ್ಜಿಯನ್ನು ಕೆಲಸಗಾರನೇ ಹಾಕಬಹುದು. ವಕೀಲರಿಗೆ ಅಥವಾ ನೋಂದಾಯಿತ ಕಾರ್ಮಿಕ ಸಂಘದ ಅಧಿಕಾರಿಗೆ ಬರೆದುಕೊಟ್ಟು ಅವರ ಕೈಯಿಂದ ಹಾಕಿಸಬಹುದಾಗಿದ್ದಿತು. ಒಂದೇ ಬಗೆಯ ಬಾಕಿಯಿರುವ ಹಲವರು ಕೂಡಿ ಒಂದೇ ಅರ್ಜಿಯಲ್ಲಿ ಕೇಳಬಹುದು. ಇದಕ್ಕೆ ಇದ್ದ ಕಾಲಾವಧಿ ಮೊದಲು ಆರು ತಿಂಗಳು; ೧೯೬೪ರ ತಿದ್ದುಪಡಿಯಿಂದ ಹನ್ನೆರಡು ತಿಂಗಳಾಯಿತು. ತಕ್ಕ ಕಾರಣವಿದ್ದರೆ ಅವಧಿ ಮೀರಿದ ಅರ್ಜಿಯನ್ನೂ ಅಧಿಕಾರಿ ಸ್ವೀಕರಿಸಬಹುದಾಗಿದ್ದಿತು.

ಆದರೆ ಕಾಲಾವಧಿಯೆಂಬ ಬಾಗಿಲು ಬಡವನಿಗೆ ಬಲುಬೇಗ ಮುಚ್ಚುತ್ತದೆ. ಕೆಲಸದಲ್ಲಿರುವಾಗ ಕೇಳಿದರೆ ಕೆಲಸ ಹೋದೀತೆಂಬ ಭಯ; ಕೆಲಸ ಹೋದಮೇಲೆ ಹೊಟ್ಟೆಪಾಡಿನ ಅಲೆದಾಟ. ಈ ಸಂಕಟಕ್ಕೆ ಇನ್ನೊಂದು ಬಾಗಿಲನ್ನು ತೆರೆದ ತೀರ್ಪು ಬಂದುದು ೧೯೬೩ರಲ್ಲಿ. ಅದನ್ನು ಬರೆದವರು ಕನ್ನಡನಾಡಿನ ಊರೊಂದನ್ನು ಹೆಸರಿನಲ್ಲಿಯೇ ಹೊತ್ತ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು. ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡದಿಂದ ಹೋದ ಮನೆತನ. ಅವರು ಹುಟ್ಟಿದ್ದು ೧೯೦೧ರಲ್ಲಿ, ಸಾತಾರದಲ್ಲಿ. ಕಾಲೇಜು ವ್ಯಾಸಂಗದ ಮೊದಲ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದು, ೧೯೬೪ರಿಂದ ೧೯೬೬ರವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದರು. ತರುವಾಯ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷತೆ ವಹಿಸಿದರು. ಊರು ಬಿಟ್ಟವರ ಮಕ್ಕಳು ಏನಾಗಬಲ್ಲರೆಂಬುದಕ್ಕೂ ಇದೊಂದು ನಿದರ್ಶನ.

ಮೊಕದ್ದಮೆ ಬಾಂಬೆ ಗ್ಯಾಸ್ ಕಂಪನಿಯದು. ಅಲ್ಲಿನ ಕೊಳವೆ ವಿಭಾಗವೇ ಮೊದಲಾದ ಕೆಲವು ವಿಭಾಗಗಳ ಆಳುಗಳಿಗೆ ಹಿಂದೆ ಭಾನುವಾರದ ಬಿಡುವು ಸಂಬಳದೊಡನೆ ಸಿಗುತ್ತಿದ್ದಿತು. ೧೯೪೬ರಿಂದ ಅದು ನಿಂತುಹೋಯಿತು. ನಿಂತುಹೋದ ದಿನದಿಂದ ಲೆಕ್ಕಹಾಕಿ ಕೊಡಿ ಎಂಬುದು ಅವರ ಬೇಡಿಕೆ. ಕೈಗಾರಿಕಾ ನ್ಯಾಯಮಂಡಲಿಯು ಬೇಡಿಕೆಯನ್ನು ಒಪ್ಪಿತಾದರೂ ಹಣ ಕೈಸೇರಲಿಲ್ಲ. ಬಹು ವರ್ಷಗಳ ಮೇಲೆ ಅವರು, ಕೈಗಾರಿಕಾ ವಿವಾದ ಅಧಿನಿಯಮಕ್ಕೆ ೧೯೫೬ರಲ್ಲಿ ಸೇರಿಸಲಾಗಿದ್ದ ೩೩-ಸಿ ಪ್ರಕರಣದ ಮೇರೆಗೆ ಕಾರ್ಮಿಕ ನ್ಯಾಯಾಲಯದ ಮುಂದೆ ನಿಂತರು. ಹಳಸಿದ ಬಾಕಿ, ವೇತನ ಪಾವತಿ ಕಾಯಿದೆಯ ಕಾಲಾವಧಿಯನ್ನು ಇಲ್ಲಿಯೂ ಓದಿಕೊಳ್ಳಬೇಕು ಎಂದು ಕಂಪನಿಯ ವಾದ. ಶಾಸನಕರ್ತರು ಅವಧಿ ವಿಧಿಸದಿರುವಾಗ ನ್ಯಾಯಾಲಯವು ತಾನಾಗಿ ವಿಧಿಸಲಾರದು ಎಂದು ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದೇ ೧೯೬೩ರಲ್ಲಿ, ಸೆಂಟ್ರಲ್ ಬ್ಯಾಂಕಿನ ಗುಮಾಸ್ತರ ಮೊಕದ್ದಮೆಯಲ್ಲಿ, ಸಂಘದ ಬೆಂಬಲವಿಲ್ಲದ ಒಬ್ಬೊಂಟಿ ಕೆಲಸಗಾರನೂ ತನಗೆ ಸಲ್ಲಬೇಕಾದುದರ ಲೆಕ್ಕ ಕೇಳಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದೆಂದು ಅವರೇ ತೀರ್ಪಿತ್ತರು. ಹಾಗೆಂದು ಈ ದಾರಿ ಎಲ್ಲಕ್ಕೂ ತೆರೆದುದಲ್ಲ. ಹಕ್ಕೇ ಇದೆಯೋ ಇಲ್ಲವೋ ಎಂಬ ಜಗಳವನ್ನು ಅಲ್ಲಿ ಹೂಡಲಾಗದು; ಸ್ಥಿರಪಟ್ಟ ಹಕ್ಕಿನ ಹಣ ಎಷ್ಟೆಂಬುದನ್ನು ಮಾತ್ರ ಎಣಿಸಬಹುದು ಎಂದು ೧೯೯೪ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸ್ಪಷ್ಟಪಡಿಸಿತು.

ಇದೇ ವಿಷಯವು ಮಾಲಿಕರ ಬಾಯಿಂದಲೂ ಒಮ್ಮೆ ಹೊರಬಿದ್ದುದು ಸ್ವಾರಸ್ಯಕರವಾಗಿದೆ. ಬೆಂಗಳೂರಿನ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು ತನ್ನ ನೌಕರರು ಕೂಡಿಟ್ಟ ರಜೆಗಳಿಗಾಗಿ ಲೆಕ್ಕದಲ್ಲಿ ೬೨ ಲಕ್ಷ ರೂಪಾಯಿಗೂ ಮೀರಿದ ಮೊತ್ತವನ್ನು ತೆಗೆದಿಟ್ಟು, ಅದಕ್ಕೆ ಆದಾಯ ತೆರಿಗೆಯ ವಿನಾಯಿತಿ ಕೇಳಿತು. ಮುಂದೆಂದೋ ಕೊಡುವ ಹಣ, ಈಗಿನ ಖರ್ಚಲ್ಲ ಎಂದಿತು ತೆರಿಗೆ ಇಲಾಖೆ. ೨೦೦೦ದ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯ ಪಕ್ಷವನ್ನು ಎತ್ತಿಹಿಡಿಯಿತು: ಹಣ ಕೊಡುವುದು ಮುಂದಾದರೂ ಋಣ ಈಗಲೇ ಹುಟ್ಟಿದೆ. ತೆರಿಗೆಯ ನಿಯಮವನ್ನು ಮುಂದೆ ಸಂಸತ್ತು ಬದಲಿಸಿದರೂ, ರಜೆಯ ಸಂಬಳವು ದಿನದಿನವೂ ಬೆಳೆಯುವ ಸಾಲವೆಂಬ ಮಾತು ಮಾತ್ರ ಬದಲಾಗಲಿಲ್ಲ. ತೆರಿಗೆಯವರ ಮುಂದೆ ಇದು ಋಣವಾದರೆ, ಕೆಲಸಗಾರನ ಮುಂದೆ ಇದು ದಾನವಾಗುವುದು ಹೇಗೆ?

ರಾಜ್ಯೋತ್ಸವದ ಸಂಚಿಕೆಯಲ್ಲಿ ರಾಜ್ಯೋತ್ಸವದ ರಜೆಯ ಮಾತನ್ನು ಬಿಡಲಾಗದು. ಹಬ್ಬಗಳ ಸಂಬಳಸಹಿತ ರಜೆ ರಾಜ್ಯ ರಾಜ್ಯಕ್ಕೆ ಬೇರೆ. ಕೇರಳದ ಕಾಯಿದೆ ೧೯೫೮ರದು. ಕಾಸರಗೋಡಿನ ಕನ್ನಡಿಗರಿಗೆ ಅನ್ವಯಿಸುವುದು ಅದೇ. ಮೈಸೂರು ರಾಜ್ಯದ ಕಾಯಿದೆ ೧೯೬೩ರದು. ಇಂದಿನ ಕರ್ನಾಟಕದಲ್ಲಿ ಅದರ ಪ್ರಕಾರ ಜನವರಿ ೨೬, ಮೇ ೧, ಆಗಸ್ಟ್ ೧೫, ಅಕ್ಟೋಬರ್ ೨ ಇವುಗಳ ಸಾಲಿನಲ್ಲಿ ನವೆಂಬರ ೧ ಕೂಡ ಕಾರ್ಖಾನೆಯವರಿಗೆ ಸಂಬಳದ ರಜೆ. ಆ ದಿನ ಕೆಲಸ ಮಾಡಿಸಿದರೆ ಇಮ್ಮಡಿ ಕೂಲಿ, ಇಲ್ಲವೆ ಆ ದಿನದ ಕೂಲಿಯೊಡನೆ ಇನ್ನೊಂದು ದಿನ ಸಂಬಳದ ಬಿಡುವು. ಹೈದರಾಬಾದಿನಲ್ಲಿ ೧೯೭೪ರ ಬೇರೆ ಕಾಯಿದೆ ನಡೆಯುತ್ತದೆ. ೧೯೫೬ರಿಂದ ೨೦೧೪ರವರೆಗೆ ನವೆಂಬರ ೧ ಆಂಧ್ರಪ್ರದೇಶಕ್ಕೂ ಹುಟ್ಟುದಿನವಾಗಿದ್ದಿತು. ೨೦೧೪ರ ಜೂನ್ ೨ರಿಂದ ಇದು ತೆಲಂಗಾಣ. ಇಲ್ಲಿನ ಕಡ್ಡಾಯ ರಜೆಗಳಲ್ಲಿ ನಮ್ಮ ಹಬ್ಬವಿಲ್ಲ. ಆದುದರಿಂದ ಸನತ್‌ನಗರದ ಕನ್ನಡಿಗನು ಭುವನೇಶ್ವರಿಯ ಮುಂದೆ ದೀಪ ಹಚ್ಚಲು ತನ್ನ ಗಳಿಕೆಯ ರಜೆಯಿಂದಲೇ ಒಂದು ದಿನ ತೆಗೆಯಬೇಕು. ಇದು ದೂರಲ್ಲ, ಗಳಿಕೆಯ ರಜೆಯ ಬೆಲೆ ನಮಗೆ ಎಷ್ಟೆಂಬುದಕ್ಕೆ ಸಾಕ್ಷಿ.

೨೦೨೫ರ ನವೆಂಬರ ೨೧ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಮೇಲೆ ಹೇಳಿದ ಕೇಂದ್ರದ ಹಳೆಯ ಶಾಸನಗಳ ಸ್ಥಾನವನ್ನು ಪಡೆದಿವೆ. ಹಕ್ಕಿನ ತಿರುಳು ಉಳಿದಿದೆ, ಅಂಕೆಗಳು ಬದಲಾಗಿವೆ. ೨೪೦ ದಿನಗಳ ಬದಲು ೧೮೦ ದಿನ ದುಡಿದರೆ ಸಾಕು. ೨೦ಕ್ಕೆ ಒಂದು ಎಂಬ ಲೆಕ್ಕ ಹಾಗೆಯೇ ಇದೆ. ಕೆಲಸ ಬಿಟ್ಟವನ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ; ಕೊಟ್ಟಿದ್ದೇನೆಂದು ರುಜುವಾತು ಮಾಡುವ ಭಾರ ಮಾಲಿಕನದು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕೆಂಬ ೧೯೭೦ರ ತತ್ತ್ವವೂ ಮುಂದುವರಿದಿದೆ. ಅಂತರರಾಜ್ಯ ವಲಸೆ ಕಾರ್ಮಿಕರೆನಿಸಿದವರಿಗೆ ಊರಿಗೆ ಹೋಗಿಬರುವ ಪ್ರಯಾಣಭತ್ಯೆಯ ಮಾತೂ ಸಂಹಿತೆಯಲ್ಲಿದೆ. ‘ಸಂಬಳ’ವು ತನ್ನ ಮೂಲಾರ್ಥಕ್ಕೆ ಒಂದು ಹೆಜ್ಜೆ ಹತ್ತಿರ ಬಂದಿತೆನ್ನಬಹುದು.

ಆದರೆ ಶಾಸನವಿದ್ದರೆ ಸಾಲದು. ಅದು ಓದುವವನ ಭಾಷೆಯಲ್ಲಿರಬೇಕು. ೧೯೪೮ರ ಶಾಸನವು ಕಾರ್ಖಾನೆಯ ಗೋಡೆಯ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ, ಅಲ್ಲಿನ ಹೆಚ್ಚು ಜನರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದಿತು. ಕಲಬುರ್ಗಿಯಲ್ಲಿ ಅದು ಕನ್ನಡವಾದರೆ ಸನತ್‌ನಗರದಲ್ಲಿ ತೆಲುಗು. ಅಕ್ಷರಗಳು ಸೋದರರಾದುದರಿಂದ ನಮ್ಮವರು ಕೂಡಿಸಿ ಓದಬಲ್ಲರು. ಶಾಸನದ ಒಳಮಾತು ತಿಳಿಯಬೇಕಲ್ಲ! ಇಲ್ಲಿಯೇ ನಮ್ಮ ಸಂಘದಂಥ ಸಂಸ್ಥೆಗಳ ಕೆಲಸವಿದೆ. ನಾಟಕ, ಗಾಯನ, ಸನ್ಮಾನಗಳೊಡನೆ ವರ್ಷಕ್ಕೊಂದು ಸಂಜೆ, ಹಾಜರಿ ಚೀಟಿ, ವೇತನದ ಚೀಟಿ, ರಜೆಯ ಲೆಕ್ಕ ಇವುಗಳನ್ನು ಹೇಗೆ ಜೋಪಾನ ಮಾಡಬೇಕು, ಅರ್ಜಿಯಲ್ಲಿ ಏನು ಬರೆಯಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸಿಕೊಡುವ ಏರ್ಪಾಡಾದರೆ ಅದೂ ನುಡಿಸೇವೆಯೇ ಸರಿ. ತಾನು ದುಡಿದದ್ದರ ಲೆಕ್ಕವನ್ನು ತನ್ನ ಮಾತಿನಲ್ಲಿ ಕೇಳಬಲ್ಲವನು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕನ್ನಡ ತಾಯಿ ಅಂಥ ಮಕ್ಕಳನ್ನು ಹೊರನಾಡಿನಲ್ಲಿಯೂ ಹೆಚ್ಚಿಸಲಿ.